ಎರಡು ಸೈಜು ದೊಡ್ಡ ಹಾಕಿ ಪ್ಯಾಂಟು

ಎರಡು ಸಾವಿರದ ಹದಿನೆಂಟರ ಅಕ್ಟೋಬರ್ ತಿಂಗಳ ಮೊದಲ ಭಾನುವಾರ, ಸಂಜೆ ಐದು ಗಂಟೆಗೆ, ಮೆಡೋವೇಲಿನ ನಮ್ಮ ಟೌನ್‌ಹೌಸಿನಲ್ಲಿ ತುರ್ತು ಸಭೆಯೊಂದು ಸೇರಿತು. ನನ್ನ ಐಸ್ ಹಾಕಿ ಬ್ಯಾಗನ್ನು ಬೇಸ್‌ಮೆಂಟಿನಿಂದ ಗಡಿಪಾರು ಮಾಡಬೇಕೆಂಬ ನಿರ್ಣಯ ಮೂರಕ್ಕೆ ಒಂದು ಮತದಿಂದ ಅಂಗೀಕಾರವಾಯಿತು. ಪರವಾಗಿ ಕೈ ಎತ್ತಿದವರು ನನ್ನ ಹೆಂಡತಿ, ಧಾರವಾಡದಿಂದ ಆರು ತಿಂಗಳ ಮಟ್ಟಿಗೆ ಬಂದಿದ್ದ ಅತ್ತೆ ಮತ್ತು ಹನ್ನೆರಡು ವರ್ಷದ ಮಗಳು. ವಿರೋಧಿಸಿದವನು ಬ್ಯಾಗಿನ ಮಾಲೀಕ. ಬ್ಯಾಗಿಗೂ ತನ್ನ ವಾದ ಮಂಡಿಸಲು ಅವಕಾಶ ಕೊಡಲಾಯಿತು. ಅಂದರೆ ಜಿಪ್ ತೆರೆಯಲಾಯಿತು. ಅದರಿಂದ ಅದರ ಪಕ್ಷ ಇನ್ನಷ್ಟು ದುರ್ಬಲವಾಯಿತು.

"ಇಟ್ ಸ್ಟಿಂಕ್ಸ್, ಅಪ್ಪಾ," ಎಂದು ಮಗಳು ಸಾಕ್ಷ್ಯ ನುಡಿದಳು.

ನಾನು ಮೇಲ್ಮನವಿ ಸಲ್ಲಿಸಿದೆ. ನಮಗೆ ಗ್ಯಾರೇಜಿಲ್ಲ. ಬೇಸ್‌ಮೆಂಟಿನಿಂದ ಹೊರಬಿದ್ದರೆ ಆ ಬ್ಯಾಗಿಗೆ ಈ ದೇಶದಲ್ಲಿ ಬೇರೆ ನೆಲೆಯಿಲ್ಲ. ಆಟ ಶುರುಮಾಡಿ ಇನ್ನೂ ತಿಂಗಳಾಗಿಲ್ಲ. ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡು ತೀರ್ಪು ಕೊಟ್ಟಳು:

"ಆತು. ಮಾರ್ಚಿನಾಗ ನಿಮ್ಮ ಸೀಸನ್ ಮುಗಿಯೂತನಾ ಟೈಮ್ ಕೊಡ್ತೀನಿ. ಅಷ್ಟರಾಗ ಒಂದ ಗೋಲ್ ಹೊಡೀರಿ. ಹೊಡದ್ರ ಬ್ಯಾಗ್ ಇಲ್ಲೇ ಇರ್ಲಿ, ನೀವೂ ಆಡ್ಕೋಂತ ಇರ್ರಿ. ಇಲ್ಲಂದ್ರ ಎಲ್ಲಾ ಆನ್‌ಲೈನ್‌ನ್ಯಾಗ ಮಾರಾಕ ಹಾಕ್ತೀನಿ. ಫೋಟೋ ಈಗ ತಗದ ಇಟ್ಟೀನಿ."

"ನಾ ಹೊಡಿಯಂಗಿಲ್ಲ ಅಂತ ಯಾಕ ಅನ್ಕೊಂಡಿ?"

"ಕಳದ ವಾರದ ವಿಡಿಯೋ ನೋಡೀನಿ. ನಿಮಗಿಂತ ಬಾಜೂಕಿನ ಗೋಡೀನ ಜೋರ್ ಓಡಾಕತ್ತಿತ್ತು."

ಇಷ್ಟಕ್ಕೂ ನನಗೆ ಹಾಕಿ ಯಾಕೆ ಬೇಕಾಗಿತ್ತು ಎಂಬುದನ್ನು ಹೇಳಬೇಕು. ನನಗೆ ಸುಮ್ಮನೆ ಕೂರಲು ಬರುವುದಿಲ್ಲ. ಆಫೀಸಿನ ಮೀಟಿಂಗಿನಲ್ಲಿ ನನ್ನ ಕಾಲು ಅಲ್ಲಾಡಿ ಮೇಜಿನ ಸುತ್ತ ಕೂತವರೆಲ್ಲರ ಕಾಫಿಯಲ್ಲೂ ಅಲೆ ಏಳುತ್ತದೆ. ಸಿನಿಮಾ ಮಂದಿರದಲ್ಲಿ ನನ್ನ ಸಾಲಿನವರು ಎದ್ದು ಬೇರೆ ಸಾಲಿಗೆ ಹೋಗುತ್ತಾರೆ. 'ಸುಮ್ಮ ಕುಂದ್ರಾಕ ಏನ್ ಧಾಡಿ ನಿಮಗ' ಎಂದು ಹೆಂಡತಿ ಮದುವೆಯಾದಾಗಿನಿಂದ ಕೇಳುತ್ತಿದ್ದಾಳೆ. ಐಸಿನ ಮೇಲೆ ನಿಂತಾಗ ಮಾತ್ರ ಆ ಕಾಲು ಅಲ್ಲಾಡುವುದನ್ನು ಮರೆಯುತ್ತಿತ್ತು. ಬೀಳದಿರುವ ಕೆಲಸವೇ ಅದಕ್ಕೆ ಬೇಕಾದಷ್ಟಿತ್ತು. ಭಾನುವಾರ ಮಧ್ಯಾಹ್ನದ ಆ ಒಂದು ತಾಸಿನ ನೆಮ್ಮದಿ ಈಗ ಬ್ಯಾಗಿನ ಜೊತೆಗೇ ಮಾರಾಟವಾಗುವುದರಲ್ಲಿತ್ತು.

ನಮ್ಮದು ನಲವತ್ತು ದಾಟಿದ ಹೊಸಬರ ತಂಡ. ಅಂಥ ಹಾಕಿಯಲ್ಲಿ ಆಟ ಕಾಲು ಭಾಗ, ಸಾಮಾನು ಮುಕ್ಕಾಲು ಭಾಗ. ಆ ಚಳಿಗಾಲದಲ್ಲಿ ನನಗೆ ಆಟಕ್ಕಿಂತ ಸಾಮಾನಿನದೇ ಪ್ರಸಂಗಗಳು ಒಂದರ ಬೆನ್ನಿಗೆ ಒಂದು ಒದಗುತ್ತ ಹೋದವು. ಅವು ಸಭೆಗಿಂತ ಮೊದಲೇ ಶುರುವಾಗಿದ್ದವು.

ಬೆಳೆಯುವ ಮಗು

ಸಾಮಾನು ಕೊಂಡದ್ದು ಸೆಪ್ಟೆಂಬರಿನಲ್ಲಿ, ಬ್ರಾಂಪ್ಟನ್ನಿನ ಒಂದು ಸಣ್ಣ ಅಂಗಡಿಯಲ್ಲಿ. ಅಂಗಡಿಯವರು ಸರ್ದಾರ್ಜಿ. ಮೂವತ್ತು ವರ್ಷದಿಂದ ಜನರ ಕಾಲಿಗೆ ಸ್ಕೇಟು ತೊಡಿಸಿ ತೊಡಿಸಿ, ಗಿರಾಕಿ ಬಂದರೆ ಮುಖ ನೋಡುವ ಅಭ್ಯಾಸವನ್ನೇ ಬಿಟ್ಟಿದ್ದರು. ನೇರವಾಗಿ ಪಾದ ನೋಡುತ್ತಿದ್ದರು. ನಮ್ಮ ಮಾತು ನಡೆದದ್ದು ಅರ್ಧ ಹಿಂದಿ, ಅರ್ಧ ಇಂಗ್ಲಿಷಿನಲ್ಲಿ.

"ಶೂ ಎಷ್ಟನೇ ನಂಬರು?"

"ಒಂಬತ್ತು."

"ಹಾಗಾದರೆ ಸ್ಕೇಟು ಏಳೂವರೆ. ಹೆಬ್ಬೆರಳು ಮುಂದಿನ ಗೋಡೆಗೆ ತಾಗಿಯೂ ತಾಗದ ಹಾಗಿರಬೇಕು. ಹಿಮ್ಮಡಿ ಅಲ್ಲಾಡಬಾರದು."

"ಹತ್ತು ಕೊಡಿ," ಎಂದೆ.

ಇದು ನನ್ನ ತಪ್ಪಲ್ಲ. ಹುಬ್ಬಳ್ಳಿಯಲ್ಲಿ ನನ್ನ ಶಾಲೆಯ ಸಮವಸ್ತ್ರವನ್ನೆಲ್ಲ ಎರಡು ವರ್ಷ ಮುಂದಿನ ನನಗೆ ಕೊಳ್ಳಲಾಗುತ್ತಿತ್ತು. ಆ ಮುಂದಿನವನು ಬರುವ ಹೊತ್ತಿಗೆ ಅಂಗಿ ಹರಿದಿರುತ್ತಿತ್ತು. ನನ್ನ ಅಳತೆಯ ಬಟ್ಟೆಯನ್ನು ನಾನು ಮೊದಲು ತೊಟ್ಟದ್ದು ನನ್ನ ಮದುವೆಯಲ್ಲಿ. ಅದನ್ನೂ ಹೊಲಿಸಿದವರು ಮಾವನವರು.

"ಹತ್ತು ಯಾಕೆ?" ಎಂದರು ಸರ್ದಾರ್ಜಿ.

"ಸ್ವಲ್ಪ ದೊಡ್ಡದಿದ್ದರೆ ಮುಂದೆ ಉಪಯೋಗಕ್ಕೆ ಬರುತ್ತದೆ."

"ವಯಸ್ಸೆಷ್ಟು, ಭಾಯೀಸಾಬ್?"

"ನಲವತ್ತನಾಲ್ಕು."

ಅವರು ಮಂಡಿಯೂರಿ ಕೂತು, ನನ್ನ ಹೆಬ್ಬೆರಳನ್ನು ಒತ್ತಿ ನೋಡಿ, ಬಹಳ ಗಂಭೀರವಾಗಿ ಕೇಳಿದರು: "ಡಾಕ್ಟರು ಏನಂತಾರೆ? ಇನ್ನೂ ಎಷ್ಟು ಬೆಳೆಯುತ್ತದಂತೆ?"

ಸ್ಕೇಟಿನಲ್ಲಿ ಅವರು ಗೆದ್ದರು. ಆದರೆ ಅವರು ಬೇರೆ ಗಿರಾಕಿಯ ಕಡೆ ತಿರುಗಿದಾಗ ಪ್ಯಾಂಟನ್ನು ನಾನೇ ಆರಿಸಿಕೊಂಡೆ. ಹಾಕಿ ಪ್ಯಾಂಟೆಂದರೆ ಮಂಡಿಯವರೆಗಿನ, ಒಳಗೆಲ್ಲ ದಪ್ಪ ಸ್ಪಂಜು ತುಂಬಿದ ಚಡ್ಡಿ. ನನ್ನದು ಮೀಡಿಯಮ್ ಸೊಂಟ. ತೆಗೆದುಕೊಂಡದ್ದು ಎಕ್ಸ್ಟ್ರಾ ಲಾರ್ಜ್. ಎರಡಕ್ಕೂ ಬೆಲೆ ಒಂದೇ ಇತ್ತು. ಅದೇ ಬೆಲೆಗೆ ಕಡಿಮೆ ಬಟ್ಟೆ ತರುವ ಗಂಡಸು ನಮ್ಮ ವಂಶದಲ್ಲಿ ಇನ್ನೂ ಹುಟ್ಟಿಲ್ಲ.

ಮನೆಯಲ್ಲಿ ಅತ್ತೆ ಆ ಪ್ಯಾಂಟನ್ನು ಎತ್ತಿ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿ ಮೆಚ್ಚಿಕೊಂಡರು.

"ಛಲೋ ಮಾಡೀರಿ, ಅಳಿಯಾರ. ಯಾರರ ಬಂದ್ರ ಅವರೂ ಇದರಾಗ ಹಿಡಸ್ತಾರ."

ಓವನ್ನಿನ ಉದ್ಘಾಟನೆ

ಹೊಸ ಸ್ಕೇಟು ಮರದ ಪೆಟ್ಟಿಗೆಯಷ್ಟು ಗಟ್ಟಿ. ಅದನ್ನು ಹದವಾಗಿ ಬಿಸಿ ಮಾಡಿ, ಬಿಸಿಯಿರುವಾಗಲೇ ಕಾಲಿಗೆ ಹಾಕಿಕೊಂಡು ಕೂತರೆ ಪಾದದ ಆಕಾರಕ್ಕೆ ಒಗ್ಗುತ್ತದೆ. ಸರ್ದಾರ್ಜಿಯ ಅಂಗಡಿಯ ಬಿಸಿ ಮಾಡುವ ಯಂತ್ರ ಕೆಟ್ಟಿತ್ತು. "ಗುರುವಾರ ಬನ್ನಿ," ಎಂದರು. ಅವತ್ತು ಸೋಮವಾರ. ಗುರುವಾರದವರೆಗೆ ಕಾಯುವವನಾಗಿದ್ದರೆ ನಾನು ಈ ಆಟಕ್ಕೇ ಬರುತ್ತಿರಲಿಲ್ಲ. "ಕೆಲವರು ಮನೆಯ ಓವನ್ನಿನಲ್ಲಿ ಮಾಡುತ್ತಾರೆ. ಆದರೆ ನಾನು ಹೇಳಿದೆ ಅಂತ ಹೇಳಬೇಡಿ," ಎಂದರು. ನಾನು ಅಷ್ಟರಲ್ಲಿ ಕಾರಿನಲ್ಲಿದ್ದೆ.

ನಮ್ಮ ಮನೆಯಲ್ಲಿ ಓವನ್ ಎಂದರೆ ಬಾಗಿಲಿರುವ ಪಾತ್ರೆ ಕಪಾಟು. ನಾನು ಹೊರತೆಗೆದದ್ದು: ಎರಡು ಬಾಣಲೆ, ರೊಟ್ಟಿ ಹಂಚು, ಪಡ್ಡಿನ ಹಂಚು, ಮುಚ್ಚಳವಿಲ್ಲದ ಒಂದು ಕುಕ್ಕರು, ಕುಕ್ಕರಿಲ್ಲದ ಎರಡು ಮುಚ್ಚಳ. ಎಲ್ಲಕ್ಕಿಂತ ಹಿಂದೆ, ಪ್ಲಾಸ್ಟಿಕ್ ಚೀಲ ಒಡೆಯದೆ, ಓವನ್ ಬಳಸುವುದು ಹೇಗೆಂಬ ಪುಸ್ತಕ. ಆ ಮನೆಗೆ ಬಂದು ಆರು ವರ್ಷವಾಗಿತ್ತು.

ಪುಸ್ತಕ ಓದಿ, ಸಣ್ಣ ಬಿಸಿ ಇಟ್ಟು, ತಟ್ಟೆಗೆ ಟವೆಲ್ ಹಾಸಿ ಎರಡೂ ಸ್ಕೇಟನ್ನು ಒಳಗಿಟ್ಟೆ. ಹೆಂಡತಿ ಕೆಲಸದಿಂದ ಬಂದವಳು ಓವನ್ನಿನ ದೀಪ ಉರಿಯುವುದನ್ನು ಮೊದಲ ಸಲ ನೋಡಿದಳು. ಅವಳ ಮುಖ ಅರಳಿತು.

"ಅಯ್ಯ, ನನಗೇನರ ಮಾಡಾಕತ್ತೀರೇನು? ಕೇಕೇನು?"

ನಾನು ಉತ್ತರಿಸುವ ಮೊದಲು ಬಾಗಿಲು ತೆಗೆದಳು. ಸ್ವಲ್ಪ ಹೊತ್ತು ಒಳಗೆ ನೋಡಿದಳು. ಮತ್ತೆ ಮುಚ್ಚಿದಳು.

"ಇನ್ಮ್ಯಾಲ ಈ ಓವನ್ನಾಗ ನಾ ಏನೂ ಬೇಯಿಸಂಗಿಲ್ಲ."

"ಇಲ್ಲೀತನಾ ಏನ್ ಬೇಯಿಸೀದಿ?" ಎಂದು ಕೇಳಿದೆ. ಕೇಳಬಾರದಿತ್ತು. ಆ ರಾತ್ರಿಯ ಊಟ ಮೊಸರನ್ನವಾಯಿತು.

ಬಿಸಿ ಸ್ಕೇಟು ಹಾಕಿಕೊಂಡ ಮೇಲೆ ಹದಿನೈದು ನಿಮಿಷ ಅಲ್ಲಾಡದೆ ಕೂರಬೇಕಿತ್ತು. ಇದನ್ನು ಯಾರೂ ನನಗೆ ಮೊದಲೇ ಹೇಳಿರಲಿಲ್ಲ. ಅತ್ತೆ ಎದುರಿಗೆ ಕುರ್ಚಿ ಹಾಕಿಕೊಂಡು ಕಾವಲು ಕೂತರು. "ಅಲ್ಲಾಡಾಕತ್ತೈತಿ ನೋಡ್ರಿ," ಎಂದು ನಿಮಿಷಕ್ಕೊಮ್ಮೆ ವರದಿ ಕೊಟ್ಟರು. ಬಲಗಾಲಿನ ಸ್ಕೇಟು ಹೇಳಿ ಮಾಡಿಸಿದ ಹಾಗೆ ಕೂತಿತು. ಎಡಗಾಲಿನದು ಸುತ್ತಲೂ ಒಂದು ಬೆರಳು ಸಡಿಲವಾಯಿತು. ಸರ್ದಾರ್ಜಿ ಅದನ್ನು ಪರೀಕ್ಷಿಸಿ, ಸ್ಕೇಟಿನದೇನೂ ತಪ್ಪಿಲ್ಲ, ಅಲ್ಲಾಡುವ ಕಾಲಿಗೆ ಅದು ಸರಿಯಾದ ಅಳತೆ ಎಂದರು.

ಖಂಡೇಪೂಜೆ

ತುರ್ತು ಸಭೆಯಾದ ಎರಡನೇ ವಾರಕ್ಕೆ ಆಯುಧ ಪೂಜೆ ಬಂತು. ನಮ್ಮ ಕಡೆಯವರಿಗೆ ಖಂಡೇಪೂಜೆ. ಅತ್ತೆ ಬ್ಯಾಗಿನ ವಿರುದ್ಧ ಮತ ಹಾಕಿದ್ದರೂ ನ್ಯಾಯವಂತರು.

"ಮನ್ಯಾಗ ಇರೂತನಾ ಅದಕ್ಕೂ ಪೂಜಿ ಆಗಬೇಕು. ಆಯುಧ ಅಂದ್ರ ಆಯುಧ," ಎಂದರು.

ಡ್ರೈವ್‌ವೇಯಲ್ಲಿ ಕಾರು, ಮಿಕ್ಸರು, ಹೆಂಡತಿಯ ಲ್ಯಾಪ್‌ಟಾಪು, ಮಗಳ ಸೈಕಲ್ಲು ಸಾಲಾಗಿ ನಿಂತವು. ಕೊನೆಯಲ್ಲಿ ನನ್ನ ಸಾಮಾನು. ಹೆಲ್ಮೆಟ್ಟಿನ ಹಣೆಗೆ ಮೂರು ಬೆರಳಿನ ವಿಭೂತಿ, ಸ್ಟಿಕ್ಕಿಗೆ ಕುಂಕುಮ, ಗ್ಲೋವಿಗೆ ಚೆಂಡು ಹೂ, ಸ್ಕೇಟಿನ ಅಲಗಿಗೆ ಹಸಿ ಅರಿಶಿನ. ಕಾರು ನಾಲ್ಕು ನಿಂಬೆಹಣ್ಣಿನ ಮೇಲೆ ಹಾದುಹೋಯಿತು. ಅತ್ತೆ ಬುಟ್ಟಿಯಲ್ಲಿ ಇನ್ನೂ ಎರಡು ನಿಂಬೆಹಣ್ಣು ಉಳಿದಿರುವುದನ್ನು ಗಮನಿಸಿದರು.

"ಬೂಟಿನ ಕೆಳಗಿಂದೂ ಚಕ್ರ ಇದ್ದಂಗ ಅಲ್ಲೇನ್ರಿ, ಅಳಿಯಾರ?"

"ಚಕ್ರ ಅಲ್ರಿ. ಕತ್ತಿ ಇದ್ದಂಗ."

"ಹಂಗಿದ್ರ ಇನ್ನೂ ಛಲೋ ಆತು. ತಾನ ಕೊಯ್ಯತೈತಿ."

ನಾನು ಸ್ಕೇಟು ಕಟ್ಟಿಕೊಂಡು ನಿಂತು ಮೊದಲ ಹಣ್ಣನ್ನು ತುಳಿದೆ. ಅದು ಎರಡು ಹೋಳಾಗಿ ಅಲಗಿಗೆ ರಸ ಕಾರಿತು. ಎರಡನೆಯದು ಜಾರಿ ರಸ್ತೆಯ ಕಡೆ ಉರುಳಿತು. ಅರ್ಧಕ್ಕೆ ಬಿಟ್ಟ ಪೂಜೆ ಒಳ್ಳೆಯದಲ್ಲವಾದ್ದರಿಂದ ಅದನ್ನು ಡಾಂಬರಿನ ಮೇಲೆ ಆರು ಹೆಜ್ಜೆ ಅಟ್ಟಿಸಿಕೊಂಡು ಹೋಗಿ ಮುಗಿಸಿದೆ. ನಾಯಿ ಹಿಡಿದು ಹೋಗುತ್ತಿದ್ದ ಪಕ್ಕದ ಮನೆಯವರು ನಿಂತರು. ನಾಯಿಯೂ ನಿಂತಿತು.

"ಇಟ್ಸ್ ಫಾರ್ ಸೇಫ್ಟಿ," ಎಂದು ಮಗಳು ಅವರಿಗೆ ವಿವರಿಸಿದಳು.

ಪೂಜೆಗಿಟ್ಟ ಆಯುಧವನ್ನು ಮರುದಿನದವರೆಗೆ ಮುಟ್ಟುವ ಹಾಗಿಲ್ಲ. ನಿಂಬೆ ರಸ, ಅರಿಶಿನ, ಕುಂಕುಮ ಎಲ್ಲ ಹಾಗೇ ಇದ್ದವು. ಹಾಗೇ ಇದ್ದು ಕೆಲಸ ಮಾಡಿದವು. ಶನಿವಾರ ಸ್ಕೇಟನ್ನು ಹರಿತ ಮಾಡಿಸಲು ಒಯ್ದಾಗ ಸರ್ದಾರ್ಜಿ ಅಲಗನ್ನು ಬೆಳಕಿಗೆ ಹಿಡಿದರು. ಒಂದು ಕಡೆ ತುಕ್ಕು, ಒಂದು ಕಡೆ ಹಳದಿ, ಉದ್ದಕ್ಕೂ ಡಾಂಬರಿನ ಗೀರು. ಮೂಗಿನ ಹತ್ತಿರ ತಂದರು.

"ನಿಂಬೂ?"

"ಪೂಜಾ," ಎಂದೆ.

ಅವರು ತಲೆಯಾಡಿಸಿದರು. ಅವರ ತಮ್ಮ ಟ್ರಕ್ ಓಡಿಸುತ್ತಾನಂತೆ. ಅವನ ಟ್ರಕ್ಕಿನ ಮುಂದೂ ಒಂದು ನಿಂಬೆಹಣ್ಣು, ಏಳು ಮೆಣಸಿನಕಾಯಿ ತೂಗುತ್ತವಂತೆ. ಹಾಗಾದರೆ ನಮ್ಮಿಬ್ಬರದೂ ಒಂದೇ ಪದ್ಧತಿ ಎಂದು ನನಗೆ ಸಮಾಧಾನವಾಯಿತು.

"ಆದರೆ ಟ್ರಕ್ಕಿಗೆ ಅಲಗು ಇರುವುದಿಲ್ಲ, ಭಾಯೀಸಾಬ್," ಎಂದು ಅವರು ಮಸೆಯುವ ಯಂತ್ರ ಚಾಲೂ ಮಾಡಿದರು.

ಅತ್ತೆಯ ಮಾಸ್ಕು

ಹಾಕಿ ಸಾಮಾನಿನ ಮೊದಲ ನಿಯಮ: ಆಟ ಮುಗಿದು ಮನೆಗೆ ಬಂದ ಕೂಡಲೇ ಎಲ್ಲವನ್ನೂ ಹೊರತೆಗೆದು ಒಣಗಿಸಬೇಕು. ನವೆಂಬರಿನ ಒಂದು ಭಾನುವಾರ ನಾನು ಮೂರು ಸಲ ಬಿದ್ದ ಸೊಂಟ ಹಿಡಿದುಕೊಂಡು ಬಂದವನು ಬ್ಯಾಗನ್ನು ಹಾಗೇ ಬೇಸ್‌ಮೆಂಟಿಗೆ ತಳ್ಳಿ ಮಲಗಿದೆ. ಅದರ ಪಕ್ಕದಲ್ಲೇ ಮನೆಯನ್ನು ಬೆಚ್ಚಗಿಡುವ ಫರ್ನೇಸು. ಅದು ತನ್ನ ಕರ್ತವ್ಯವನ್ನು ಚೆನ್ನಾಗಿ ಮಾಡಿ, ಮಂಗಳವಾರದ ಹೊತ್ತಿಗೆ ಬ್ಯಾಗಿನ ಪರಿಮಳವನ್ನು ಮೂರೂ ಮಹಡಿಗೆ ಸಮನಾಗಿ ಹಂಚಿತು.

ನಾನು ಆಫೀಸಿನಿಂದ ಬಂದಾಗ ಅತ್ತೆ ಸೆರಗು ಸಿಕ್ಕಿಸಿ ಬೇಸ್‌ಮೆಂಟಿನಲ್ಲಿ ಕೆಲಸಕ್ಕಿಳಿದಿದ್ದರು. ಈ ಕೋಣೆಯಿಂದ ಆ ಕೋಣೆಗೆ ಹಗ್ಗ ಕಟ್ಟಿ ಸಾಮಾನನ್ನೆಲ್ಲ ನೇತುಹಾಕುತ್ತಿದ್ದರು. ಭುಜದ ಪ್ಯಾಡು, ಕೆಳಗೆ ಪ್ಯಾಂಟು, ಅದರ ಕೆಳಗೆ ಮೊಣಕಾಲಿನ ಪ್ಯಾಡು. ಒಳಗಿನ ಮನುಷ್ಯ ಮಾತ್ರ ಆವಿಯಾಗಿ ಹೋದ ಹಾಗಿತ್ತು. ಅತ್ತೆ ನನ್ನ ಕಡೆ ತಿರುಗಿದರು. ಅವರ ಮೂಗು ಬಾಯಿಯ ಮೇಲೆ ಒಂದು ಗಟ್ಟಿ ಪ್ಲಾಸ್ಟಿಕ್ಕಿನ ಮುಚ್ಚಿಗೆ ಇತ್ತು. ಅದರ ಎಲಾಸ್ಟಿಕ್ಕನ್ನು ತಲೆಯ ಹಿಂದೆ ಗಂಟು ಹಾಕಿದ್ದರು.

ಆ ಮುಚ್ಚಿಗೆ ಬ್ಯಾಗಿನೊಳಗಿನದೇ. ಆಟಗಾರರು ಅದನ್ನು ಪ್ಯಾಂಟಿನ ಒಳಗೆ, ಮುಂಭಾಗದ ರಕ್ಷಣೆಗೆ ಧರಿಸುತ್ತಾರೆ. ಅದರ ಬಗ್ಗೆ ಇಷ್ಟು ಹೇಳಿದರೆ ಸಾಕು.

ಮೆಟ್ಟಿಲ ಮೇಲಿಂದ ಮಗಳು "ಅಜ್ಜೀ, ನೋ! ದಟ್ಸ್ ನಾಟ್ ಅ..." ಎಂದು ಕೂಗುವಷ್ಟರಲ್ಲಿ ಹೆಂಡತಿ ಅವಳ ಬಾಯಿ ಮುಚ್ಚಿದಳು.

"ಯಾರೂ ಏನೂ ಹೇಳಬ್ಯಾಡ್ರಿ," ಎಂದು ನನ್ನನ್ನು ನೋಡಿ ಪಿಸುಗುಟ್ಟಿದಳು. "ಸಾಯೂತನಾ ಹೇಳಬ್ಯಾಡ್ರಿ."

ಯಾರೂ ಹೇಳಿಲ್ಲ. ಅತ್ತೆ ಕೆಲಸ ಮುಗಿಸಿ, ಅದನ್ನು ಬಿಚ್ಚಿ, ಸೋಪು ಹಚ್ಚಿ ತೊಳೆದು ನನ್ನ ಕೈಗಿಟ್ಟರು.

"ಭಾಳ ಮಜಬೂತ ಐತ್ರಿ. ಒಂಚೂರೂ ವಾಸನಿ ಬರಲಿಲ್ಲ. ಧಾರವಾಡದಾಗ ರಸ್ತೆ ಅಗದಾರ, ಧೂಳಂದ್ರ ಧೂಳು. ಊರಿಗೆ ಹೋಗೂ ಮುಂದ ನನಗೂ ಇಂಥದೊಂದು ಕೊಡಸ್ರಿ."

ಲೋಬಾನ

ಒಣಗಿಸಿದರೂ ವಾಸನೆ ಪೂರ್ತಿ ಹೋಗಲಿಲ್ಲ. ಗೋಲೂ ಆಗಿರಲಿಲ್ಲ. ಪ್ರತಿ ಭಾನುವಾರ ಬಾಗಿಲಲ್ಲೇ ಹೆಂಡತಿ "ಏನಾತು?" ಎನ್ನುತ್ತಿದ್ದಳು, ನಾನು "ಸ್ವಲ್ಪದರಾಗ ತಪ್ಪಿತು" ಎನ್ನುತ್ತಿದ್ದೆ, ಅವಳು ಮೊಬೈಲು ತೆಗೆದು ಮಾರಾಟದ ಜಾಹೀರಾತಿನ ಒಕ್ಕಣೆ ತಿದ್ದುತ್ತಿದ್ದಳು. ಜನವರಿಯಲ್ಲಿ 'ಸ್ವಲ್ಪ ಬಳಸಿದ್ದು' ಎಂಬುದನ್ನು ಹೊಡೆದುಹಾಕಿ 'ಬಳಸಿಲ್ಲ ಅಂದರೂ ನಡೆಯುತ್ತದೆ' ಎಂದು ಬರೆದಳು.

ನನಗೆ ಕೂತರೂ ಚಡಪಡಿಕೆ, ನಿಂತರೂ ಚಡಪಡಿಕೆ. ಊಟದ ನಡುವೆ ಎದ್ದು ಹೋಗಿ ಅಲಗು ಒರೆಸಿ ಬರುತ್ತಿದ್ದೆ. ಸ್ಟಿಕ್ಕಿಗೆ ಸುತ್ತಿದ ಟೇಪನ್ನು ಬಿಚ್ಚಿ ಮತ್ತೆ ಸುತ್ತುತ್ತಿದ್ದೆ. ಅತ್ತೆಗೆ ಇದನ್ನು ನೋಡಿ ಮರುಕ ಹುಟ್ಟಿರಬೇಕು. ಒಂದು ಭಾನುವಾರ ಬೆಳಿಗ್ಗೆ ಸಾಮಾನನ್ನೆಲ್ಲ ಬುಟ್ಟಿಯ ಮೇಲೆ ಬೋರಲು ಹಾಕಿ, ಕೆಳಗೆ ಲೋಬಾನದ ಹೊಗೆ ಹಾಕಿದರು. ನಮ್ಮ ಕಡೆ ಎಣ್ಣೆ ಸ್ನಾನ ಮಾಡಿಸಿದ ಕೂಸಿಗೆ ಹೀಗೆ ಹೊಗೆ ಹಿಡಿಯುತ್ತಾರೆ. ಕೂಸಿನ ನೆಗಡಿ ಹೋಗುತ್ತದೆ, ದೃಷ್ಟಿಯೂ ಹೋಗುತ್ತದೆ. ನಮ್ಮ ಮನೆಯಲ್ಲಿ ಹೊಗೆಯ ಅಲಾರಂ ಮೂರು ಸಲ ಕೂಗಿತು. ಅತ್ತೆ ಅದಕ್ಕೂ ಸ್ವಲ್ಪ ಹೊಗೆ ತೋರಿಸಿದರು.

ಡ್ರೆಸಿಂಗ್ ರೂಮಿನಲ್ಲಿ ನನ್ನ ಪಕ್ಕದ ಜಾಗ ಯಾವಾಗಲೂ ನಮ್ಮ ಕ್ಯಾಪ್ಟನ್ನದು. ಆತ ನಮ್ಮ ಆಫೀಸಿನಲ್ಲೇ ಸಂಬಳ ವಿಭಾಗದಲ್ಲಿರುವ ಪೋರ್ಚುಗೀಸ್ ಮೂಲದ ದೊಡ್ಡ ಆಳು. ನನ್ನನ್ನು ತಂಡಕ್ಕೆ ಸೇರಿಸಿದವನೂ ಅವನೇ. ಅದಕ್ಕಾಗಿ ಉಳಿದವರಲ್ಲಿ ಕ್ಷಮೆ ಕೇಳುವವನೂ ಅವನೇ. ಅವತ್ತು ನಾನು ಬ್ಯಾಗಿನ ಜಿಪ್ ಎಳೆದೆ. ಆತ ಸ್ಕೇಟಿನ ದಾರ ಕಟ್ಟುತ್ತಿದ್ದವನು ನಿಲ್ಲಿಸಿದ. ಮೂಗು ಮೇಲೆತ್ತಿದ. ಹೆಲ್ಮೆಟ್ ತೆಗೆದು ತೊಡೆಯ ಮೇಲಿಟ್ಟುಕೊಂಡ. ಅವನ ಕೈ ತಾನಾಗಿಯೇ ಹಣೆ, ಎದೆ, ಎರಡೂ ಭುಜ ಮುಟ್ಟಿ ಶಿಲುಬೆಯ ಸನ್ನೆ ಮಾಡಿತು.

ಆಮೇಲೆ ಎಚ್ಚೆತ್ತವನ ಹಾಗೆ ನನ್ನ ಬ್ಯಾಗು ನೋಡಿದ.

"ಏನಾಯಿತು?" ಎಂದೆ.

"ಏನಿಲ್ಲ. ನಮ್ಮ ಅಜ್ಜಿಯ ಅಂತ್ಯಕ್ರಿಯೆಯ ದಿನ ಚರ್ಚಿನಲ್ಲಿ ಹೀಗೇ ಧೂಪದ ವಾಸನೆ ಬಂದಿತ್ತು," ಎಂದು ಕಣ್ಣೊರೆಸಿಕೊಂಡ. ಅವತ್ತು ಅವನೊಬ್ಬನೇ ಮೂರು ಗೋಲು ಹೊಡೆದು ಮೂರನ್ನೂ ಅಜ್ಜಿಗೆ ಅರ್ಪಿಸಿದ. ನನ್ನದು ಸ್ವಲ್ಪದರಲ್ಲಿ ತಪ್ಪಿತು.

ಸಾಕ್ಷಿಗಳ ಸಮ್ಮುಖದಲ್ಲಿ

ಫೆಬ್ರವರಿಯ ಕೊನೆಗೆ ನನ್ನ ಪ್ಯಾಂಟಿನ ಕಟ್ಟುವ ದಾರ ತುಂಡಾಯಿತು. ಎರಡು ಸೈಜು ದೊಡ್ಡ ಪ್ಯಾಂಟನ್ನು ಐದು ತಿಂಗಳು ಸೊಂಟದ ಮೇಲೆ ಹಿಡಿದಿಟ್ಟು ಅದು ಸವೆದಿತ್ತು. ಹಾಕಿ ಪ್ಯಾಂಟಿಗೆಂದೇ ಹೆಗಲ ಮೇಲಿನ ಪಟ್ಟಿ ಸಿಗುತ್ತದೆ, ತರಿಸಿಕೊಡುತ್ತೇನೆ, ಒಂದು ವಾರ ತಡಿ ಎಂದ ಕ್ಯಾಪ್ಟನ್. ನನಗೆ ವಾರ ತಡೆಯುವುದು ಎಲ್ಲಿಂದ ಬರಬೇಕು? ಅತ್ತೆ ತಮ್ಮ ಹೊಸ ಪರಕಾರದಿಂದ, ಅಂದರೆ ಸೀರೆಯ ಒಳಲಂಗದಿಂದ, ಬಿಳಿಯ ಲಾಡಿ ಎಳೆದು, ಪಿನ್ನು ಸಿಕ್ಕಿಸಿ, ನನ್ನ ಪ್ಯಾಂಟಿನೊಳಗೆ ಪೋಣಿಸಿದರು.

"ಧಾರವಾಡದ ಲಾಡಿ ಐತಿ. ಹರಿಯಂಗಿಲ್ಲ," ಎಂದು ಭರವಸೆ ಕೊಟ್ಟರು.

ಮಾರ್ಚಿನಲ್ಲಿ ಸೀಸನ್ನಿನ ಕೊನೆಯ ಪಂದ್ಯಕ್ಕೆ ಮನೆಯವರು ಮೊದಲ ಸಲ ಬಂದರು. ಹೆಂಡತಿ ಬಂದದ್ದು ಪ್ರೋತ್ಸಾಹಕ್ಕಲ್ಲ, ಪರಿಶೀಲನೆಗೆ; ಜಾಹೀರಾತನ್ನು ಪಂದ್ಯ ಮುಗಿದ ಕೂಡಲೇ ಹಾಕುವುದೆಂದು ತೀರ್ಮಾನವಾಗಿತ್ತು. ಅತ್ತೆ ಬಂದದ್ದು ಬುಧವಾರ ಊರಿಗೆ ಹೊರಡುವವರಿದ್ದುದರಿಂದ. ಸೀರೆಯ ಮೇಲೆ ಎರಡು ಸ್ವೆಟರು, ಅದರ ಮೇಲೆ ಕಂಬಳಿ ಹೊದ್ದು, ಸ್ನೋ ಬೂಟು ಹಾಕಿ ಗಾಜಿನ ಹಿಂದೆ ಕೂತಿದ್ದರು. ಮಗಳು ಅವರಿಗೆ ಆಟ ವಿವರಿಸುತ್ತಿದ್ದಳು. ಅವಳು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು, ಅವರು ಕನ್ನಡದಲ್ಲಿ ಒಪ್ಪುತ್ತಿದ್ದರು.

ಮೂರನೆಯ ಭಾಗದಲ್ಲಿ ಇನ್ನು ನಾಲ್ಕು ನಿಮಿಷವಿದ್ದಾಗ ನಾವು ಐದು ಸೊನ್ನೆಯಿಂದ ಹಿಂದಿದ್ದೆವು. ನಾನು ಎದುರಾಳಿಯ ಗೋಲಿನ ಮುಂದೆ ಹೋಗಿ ನಿಂತೆ. ಅಲ್ಲಿ ನೀಲಿ ಬಣ್ಣದ ಅರ್ಧಚಂದ್ರವಿರುತ್ತದೆ. ಅದರೊಳಗೆ ನಿಲ್ಲುವ ಹಾಗಿಲ್ಲ. ನಾನು ಒಂದಡಿ ಹೊರಗಿದ್ದೆ. ಆಗ ಸೊಂಟದಲ್ಲಿ ಏನೋ ಸಡಿಲವಾದ ಅನುಭವವಾಯಿತು. ಅತ್ತೆಯ ಮಾತು ಸುಳ್ಳಾಗಲಿಲ್ಲ. ಲಾಡಿ ಹರಿಯಲಿಲ್ಲ. ಬಿಚ್ಚಿಕೊಂಡಿತು.

ಒಂದು ಕೈಯಲ್ಲಿ ಸ್ಟಿಕ್ಕು, ಇನ್ನೊಂದು ಕೈಯಲ್ಲಿ ಮರ್ಯಾದೆ ಹಿಡಿದುಕೊಂಡೆ. ಕೈಗೆ ದಪ್ಪ ಗ್ಲೋವು. ಗಂಟು ಹಾಕಲು ಬರುವುದಿಲ್ಲ. ಬಗ್ಗಿ ನೋಡಿದೆ. ಬಗ್ಗಿದ್ದೇ ಸಾಕಾಯಿತು. ಎಡಗಾಲಿನ ಸಡಿಲ ಸ್ಕೇಟು ತನ್ನ ಪಾಡಿಗೆ ಹೋಯಿತು. ನಾನು ಆಟಕ್ಕೆ ಬೆನ್ನು ಮಾಡಿ, ಗೋಲಿನ ಕಡೆ ಮುಖ ಮಾಡಿ, ಐಸಿನ ಮೇಲೆ ಕುಕ್ಕರಿಸಿ ಕೂತೆ. ಅದೇ ಹೊತ್ತಿಗೆ ಹಿಂದಿನಿಂದ ಕ್ಯಾಪ್ಟನ್ ಶಕ್ತಿಯೆಲ್ಲ ಹಾಕಿ ಬಾರಿಸಿದ. ಈ ಆಟದಲ್ಲಿ ಚೆಂಡಿನ ಬದಲು ಇರುವ ಕಪ್ಪು ರಬ್ಬರಿನ ಬಿಲ್ಲೆ ನೇರ ಬಂದು ನನ್ನ ಪ್ಯಾಂಟಿನ ಹಿಂಭಾಗಕ್ಕೆ ಬಡಿಯಿತು.

ಅಳತೆಗೆ ಸರಿಯಾದ ಪ್ಯಾಂಟಾಗಿದ್ದರೆ ಬಿಲ್ಲೆ ಪುಟಿದು ಆಚೆ ಹಾರುತ್ತಿತ್ತು. ಗೋಲ್‌ಕೀಪರ್ ಅನುಭವಸ್ಥ, ಅದು ಎಲ್ಲಿಗೆ ಪುಟಿಯುತ್ತದೆಂದು ಲೆಕ್ಕ ಹಾಕಿ ಆ ಕಡೆಗೇ ಮೈ ಚೆಲ್ಲಿ ಹಾರಿದ. ಬಿಲ್ಲೆ ಪುಟಿಯಲಿಲ್ಲ. ನನ್ನ ಪ್ಯಾಂಟಿನಲ್ಲಿ ಮತ್ತೊಬ್ಬರಿಗೆಂದು ಇದ್ದ ಜಾಗದಲ್ಲಿ ಹಾಸಿಗೆಗೆ ಬಿದ್ದ ಹಾಗೆ ಬಿದ್ದು, ವೇಗ ಕಳೆದುಕೊಂಡು, ಕೆಳಗಿಳಿದು, ನನ್ನ ಪಕ್ಕದಿಂದ ಮೆಲ್ಲಗೆ ತೆವಳಿಕೊಂಡು ಖಾಲಿ ಗೋಲಿನ ಒಳಗೆ ಹೋಯಿತು. ನಾನು ಅದನ್ನು ಹೊರಟಾಗಿನಿಂದ ಸೇರುವವರೆಗೆ ನೋಡಿದೆ. ನನ್ನ ಜೀವನದಲ್ಲಿ ನಾನು ಅಲ್ಲಾಡದೆ ಕೂತದ್ದು ಅಷ್ಟು ಹೊತ್ತು ಮಾತ್ರ.

ರೆಫರಿ ಗೋಲಿನ ಕಡೆ ಕೈ ತೋರಿಸಿದ. ತಂಡದವರೆಲ್ಲ ಬಂದು ಮೇಲೆ ಬಿದ್ದರು. ಏಳಬಹುದಿತ್ತು, ಲಾಡಿಯ ಕಾರಣದಿಂದ ಏಳಲಿಲ್ಲ. ಅವರು ಅದನ್ನು ಭಾವಾವೇಶವೆಂದು ತಿಳಿದರು.

ಅರೀನಾದ ಲಾಬಿಯಲ್ಲಿ ಸಭೆ ಮತ್ತೆ ಸೇರಿತು. ಹೆಂಡತಿ ಮೊಬೈಲು ಕೈಯಲ್ಲೇ ಹಿಡಿದಿದ್ದಳು.

"ಒಂದ ಮಾತ ಕೇಳ್ತೀನಿ, ಖರೆ ಹೇಳ್ರಿ. ಅದನ್ನ ನೀವು ಹೊಡದ್ರೋ, ಅದು ನಿಮಗ ಬಡೀತೋ?"

ನಾನು ಕ್ಯಾಪ್ಟನ್ನನ್ನು ಸಾಕ್ಷಿಗೆ ಕರೆದೆ. ಆತ ಸ್ಕೋರ್‌ಶೀಟು ತಂದು ತೋರಿಸಿದ. ಒದ್ದು ಹಾಕಿದರೆ ಇಲ್ಲ, ಬಡಿದು ಹೋದರೆ ಲೆಕ್ಕಕ್ಕುಂಟು, ಕೊನೆಗೆ ಯಾರಿಗೆ ತಾಗಿತೋ ಅವರದೇ ಗೋಲು ಎಂದು ವಿವರಿಸಿದ. ಹೆಂಡತಿಗೆ ಸಮಾಧಾನವಾಗಲಿಲ್ಲ. ಮಗಳತ್ತ ನೋಡಿದಳು.

"ಇಟ್ ವೆಂಟ್ ಇನ್ ಆಫ್ ಹಿಸ್ ಬಟ್, ಅಮ್ಮಾ," ಎಂದಳು ಮಗಳು. "ಬಟ್ ಇಟ್ ಕೌಂಟ್ಸ್."

ಅತ್ತೆ ಕಂಬಳಿಯೊಳಗಿಂದ ಕೈ ಹೊರತೆಗೆದರು.

"ಹೊಡದ್ರೇನು, ಬಡದ್ರೇನು, ಆಗೂದು ಆಗೇತಿ. ಅಳತಿ ಪ್ಯಾಂಟ್ ಹಾಕ್ಕೊಂಡಿದ್ರ ಆಗತಿತ್ತೇನ? ದೊಡ್ಡದ ತಂದಾರ, ಉಪಯೋಗಕ್ಕ ಬಂತು. ಫೋಟೋ ಅಳಸು."

ಹೆಂಡತಿ ಸ್ವಲ್ಪ ಹೊತ್ತು ನನ್ನ ಮುಖ, ಸ್ವಲ್ಪ ಹೊತ್ತು ನಾನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ ಪ್ಯಾಂಟು ನೋಡಿದಳು. ಫೋಟೋ ಅಳಿಸಿದಳು.

ಪಂದ್ಯವನ್ನು ನಾವು ಆರು ಒಂದರಿಂದ ಸೋತೆವು. ಅತ್ತೆ ಬುಧವಾರ ಊರಿಗೆ ಹೊರಟರು. ಧೂಳಿಗೆಂದು ಫಾರ್ಮಸಿಯಿಂದ ಒಂದು ಡಬ್ಬಿ ಬಟ್ಟೆಯ ಮಾಸ್ಕು ಕೊಡಿಸಿದೆವು. ಅಳಿಯನ ಮಾಸ್ಕಿನಷ್ಟು ಮಜಬೂತಿಲ್ಲ ಎಂದರು. ಲಾಡಿ ವಾಪಸು ತೆಗೆದುಕೊಂಡರು. ಬ್ಯಾಗು ಬೇಸ್‌ಮೆಂಟಿನಲ್ಲಿದೆ.